ಡಿಫರೆನ್ಷಿಯಲ್ ಮನೆ ಬದಲಿಸಿದ ಬಗೆ

ಎತ್ತಿನ ಗಾಡಿ ಮೂಲೆ ತಿರುಗುವುದನ್ನು ನೀವು ಗಮನವಿಟ್ಟು ನೋಡಿದ್ದೀರಾ? ಹರಿಹರ ತಾಲ್ಲೂಕಿನ ಕೊಕ್ಕನೂರಿನಂಥ ಊರಿನಲ್ಲಿ ಹುಲ್ಲು ಹೇರಿದ ಗಾಡಿ ಗದ್ದೆಯ ದಾರಿಯಿಂದ ಬೀದಿಗೆ ಹೊರಳುತ್ತದೆ ಎನ್ನಿ. ಆಗ ಒಳಬದಿಯ ಚಕ್ರ ನಿಧಾನವಾಗಿ, ಹೊರಬದಿಯ ಚಕ್ರ ಬೇಗ ಬೇಗ ಉರುಳುತ್ತದೆ. ಇದರಿಂದ ಗಾಡಿಗೆ ಯಾವ ತೊಂದರೆಯೂ ಇಲ್ಲ. ಏಕೆಂದರೆ ಗಾಡಿಯ ಅಚ್ಚು ತಿರುಗುವುದಿಲ್ಲ. ಅಚ್ಚಿನ ತುದಿಯಲ್ಲಿ ಕಡಾಣಿ ಹಾಕಿದ ಚಕ್ರಗಳು ಒಂದರ ಹಂಗು ಇನ್ನೊಂದಕ್ಕಿಲ್ಲದಂತೆ ತಿರುಗುತ್ತವೆ. ಗುಂಬಕ್ಕೆ ಕೀಲೆಣ್ಣೆ ಹಾಕಿದರೆ ಸಾಕು.

ಈ ವ್ಯತ್ಯಾಸ ಎಷ್ಟೆಂದು ಲೆಕ್ಕ ಹಾಕೋಣ. ಎರಡು ಚಕ್ರಗಳ ನಡುವಿನ ಅಂತರ 1.2 ಮೀಟರ್ ಇರಲಿ. ವಾಹನ ಒಂದು ಪೂರ್ಣ ಸುತ್ತು ಹಾಕಿದರೆ ಹೊರಚಕ್ರವು ಒಳಚಕ್ರಕ್ಕಿಂತ 2 × 3.14 × 1.2, ಅಂದರೆ ಸುಮಾರು 7.5 ಮೀಟರ್ ಹೆಚ್ಚು ದೂರ ಸಾಗಬೇಕು. ಸುತ್ತು ಚಿಕ್ಕದಾಗಲಿ, ದೊಡ್ಡದಾಗಲಿ, ಈ ಅಂತರ ಬದಲಾಗದು. ಚಿಕ್ಕ ಕಾರಿನ ಚಕ್ರದ ಸುತ್ತಳತೆ 1.6 ಮೀಟರ್ ಎಂದಿಟ್ಟುಕೊಂಡರೆ ಹೊರಚಕ್ರ ಸುಮಾರು 4.7 ಸುತ್ತು ಹೆಚ್ಚು ಉರುಳಬೇಕಾಯಿತು.

ಗಾಡಿಯನ್ನು ಎತ್ತು ಎಳೆಯುವವರೆಗೆ ಇದು ಸಮಸ್ಯೆಯೇ ಅಲ್ಲ. ಎಂಜಿನ್ ಬಂದು ಅಚ್ಚನ್ನೇ ತಿರುಗಿಸತೊಡಗಿದಾಗ ಸಮಸ್ಯೆ ಹುಟ್ಟಿತು. ಒಂದೇ ಸರಳಿಗೆ ಎರಡೂ ಚಕ್ರಗಳನ್ನು ಬಿಗಿದರೆ ತಿರುವಿನಲ್ಲಿ ಯಾವುದಾದರೂ ಒಂದು ಚಕ್ರ ನೆಲವನ್ನು ಉಜ್ಜಿಕೊಂಡು ಜಾರಲೇಬೇಕು. ಟೈರು ಸವೆಯುತ್ತದೆ, ಅಚ್ಚು ತಿರುಚಿಕೊಳ್ಳುತ್ತದೆ, ವಾಹನ ತಿರುಗಲು ಮೊಂಡಾಟ ಮಾಡುತ್ತದೆ. ಇದಕ್ಕೆ ಕಂಡುಕೊಂಡ ಉತ್ತರವೇ ಡಿಫರೆನ್ಷಿಯಲ್.

ತಿರುಗುವ ನೊಗ

ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ 1827ರ ಸುಮಾರಿಗೆ ಉಗಿ ಬಂಡಿಯೊಂದಕ್ಕಾಗಿ ಈ ಗಿಯರ್ ಜೋಡಣೆಯನ್ನು ರೂಪಿಸಿದ. ಅರ್ಧ ಶತಮಾನದ ಬಳಿಕ, 1877ರಲ್ಲಿ, ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜೇಮ್ಸ್ ಸ್ಟಾರ್ಲಿ ಅದನ್ನು ತುಳಿಯುವ ಸೈಕಲ್ ಬಂಡಿಗೆ ಅಳವಡಿಸಿದ. ಅಪ್ಪ ಒಂದು ಬದಿಯ ಚಕ್ರವನ್ನು, ಮಗ ಇನ್ನೊಂದು ಬದಿಯ ಚಕ್ರವನ್ನು ತುಳಿಯುತ್ತಿದ್ದಾಗ ಬಂಡಿ ಓಲಾಡಿ ಪಕ್ಕಕ್ಕೆ ಸರಿದದ್ದೇ ಇದಕ್ಕೆ ಪ್ರೇರಣೆ ಎಂದು ಹೇಳುವುದುಂಟು. ಇಬ್ಬರ ತುಳಿತವೂ ಒಂದೇ ಕಡೆ ಸೇರಿ, ಅಲ್ಲಿಂದ ಎರಡು ಚಕ್ರಗಳಿಗೆ ಸಮನಾಗಿ ಹಂಚಿಕೆಯಾಗಬೇಕಿತ್ತು.

ಡಿಫರೆನ್ಷಿಯಲ್ ಕೆಲಸ ಮಾಡುವ ಬಗೆ ತಿಳಿಯಲು ಮತ್ತೆ ಎತ್ತಿನ ಗಾಡಿಯ ಬಳಿಗೇ ಹೋಗಬಹುದು. ಈ ಬಾರಿ ಚಕ್ರವನ್ನು ಬಿಟ್ಟು ನೊಗವನ್ನು ನೋಡಿ. ನೊಗದ ನಡುವೆ ಮೂಕಿಯನ್ನು ಕಟ್ಟಿರುತ್ತಾರೆ. ಒಂದು ಎತ್ತು ತುಸು ಮುಂದೆ, ಇನ್ನೊಂದು ತುಸು ಹಿಂದೆ ಇದ್ದರೆ ನೊಗ ಓರೆಯಾಗುತ್ತದೆ. ಆದರೂ ಗಾಡಿ ಎರಡೂ ಎತ್ತುಗಳ ಸರಾಸರಿ ವೇಗದಲ್ಲಿ ಸಾಗುತ್ತದೆ. ನಡು ಬಿಂದುವಿನಲ್ಲಿ ಕಟ್ಟಿರುವುದರಿಂದ ಎರಡು ತುದಿಗಳ ಮೇಲೂ ಬೀಳುವ ಎಳೆತ ಸಮವಾಗಿರುತ್ತದೆ.

ಡಿಫರೆನ್ಷಿಯಲ್ಲಿನೊಳಗೆ ಎಡ ಮತ್ತು ಬಲ ಅಚ್ಚುಗಳ ತುದಿಯಲ್ಲಿ ಒಂದೊಂದು ಗಿಯರ್ ಇರುತ್ತದೆ. ಇವೆರಡರ ನಡುವೆ ಎರಡಕ್ಕೂ ಹಲ್ಲು ಕೊಟ್ಟು ನಿಂತ ಚಿಕ್ಕ ಪಿನಿಯನ್ನುಗಳಿವೆ. ಒಂದೊಂದು ಪಿನಿಯನ್ನೂ ಒಂದು ಪುಟ್ಟ ನೊಗ. ಹೊರಗಿನ ದೊಡ್ಡ ಗಿಯರ್, ಅಂದರೆ ಕ್ರೌನ್ ಚಕ್ರ, ಪಿನಿಯನ್ನಿನ ನಡುವನ್ನು ಹಿಡಿದು ಮುಂದಕ್ಕೆ ತಳ್ಳುತ್ತದೆ. ನೇರ ರಸ್ತೆಯಲ್ಲಿ ಪಿನಿಯನ್ ತನ್ನ ಸುತ್ತ ತಾನು ತಿರುಗದೆ ಎರಡೂ ಅಚ್ಚುಗಳನ್ನು ಸಮವಾಗಿ ದೂಡುತ್ತದೆ. ತಿರುವಿನಲ್ಲಿ ತಾನೂ ತಿರುಗಿ, ಒಂದು ಚಕ್ರದಿಂದ ಕಡಿಮೆಯಾದ ವೇಗವನ್ನು ಇನ್ನೊಂದಕ್ಕೆ ಕೊಡುತ್ತದೆ. ಸೂತ್ರ ಸರಳ: ಕ್ರೌನ್ ಚಕ್ರದ ವೇಗ = (ಎಡಚಕ್ರದ ವೇಗ + ಬಲಚಕ್ರದ ವೇಗ) ÷ 2.

ಈ ನೊಗಕ್ಕೆ ಒಂದು ದೌರ್ಬಲ್ಯವೂ ಇದೆ. ಒಂದು ಎತ್ತು ಕುತ್ತಿಗೆ ತಪ್ಪಿಸಿಕೊಂಡರೆ ಇನ್ನೊಂದರ ಎಳೆತವೂ ವ್ಯರ್ಥ. ಭದ್ರಾ ನಾಲೆಯ ನೀರುಣ್ಣುವ ಹರಿಹರ ಸೀಮೆಯ ಭತ್ತದ ಗದ್ದೆಗಳಲ್ಲಿ ಟ್ರ್ಯಾಕ್ಟರಿನ ಒಂದು ಚಕ್ರ ಕೆಸರಿನಲ್ಲಿ ಗಿರ್ರನೆ ತಿರುಗುತ್ತ, ಇನ್ನೊಂದು ಗಟ್ಟಿ ನೆಲದ ಮೇಲೆ ಸುಮ್ಮನೆ ನಿಂತಿರುವುದನ್ನು ನೀವು ಕಂಡಿರಬಹುದು. ಜಾರುವ ಚಕ್ರಕ್ಕೆ ಎಷ್ಟು ಬಲ ಸಾಕೋ ಅಷ್ಟೇ ಬಲ ಗಟ್ಟಿ ನೆಲದ ಚಕ್ರಕ್ಕೂ ಸಿಗುತ್ತದೆ. ಆಗ ಚಾಲಕ ಕಾಲಿನಿಂದ ಡಿಫರೆನ್ಷಿಯಲ್ ಲಾಕ್ ಅದುಮಿ ನೊಗವನ್ನು ಓರೆಯಾಗದಂತೆ ಬಿಗಿಯುತ್ತಾನೆ.

ಹಿಂದಿನ ಅಚ್ಚಿನ ಮನೆ

ಮೊದಲ ಹಲವು ದಶಕ ಹೆಚ್ಚಿನ ಕಾರುಗಳಲ್ಲಿ ಎಂಜಿನ್ ಮುಂದೆ, ಗಿಯರ್ ಪೆಟ್ಟಿಗೆ ಅದರ ಹಿಂದೆ, ಅಲ್ಲಿಂದ ಉದ್ದನೆಯ ಪ್ರೊಪೆಲರ್ ಶಾಫ್ಟ್, ಕೊನೆಗೆ ಹಿಂದಿನ ಅಚ್ಚಿನ ನಡುವಿನ ಗುಂಡಗಿನ ಕವಚದಲ್ಲಿ ಡಿಫರೆನ್ಷಿಯಲ್ ಇರುತ್ತಿದ್ದವು. 2014ರವರೆಗೆ ತಯಾರಾದ ಅಂಬಾಸಿಡರ್ ಕಾರಿನದು ಇದೇ ರಚನೆ. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ತಯಾರಾದ ಡಾಲ್ಫಿನ್ ಎಂಬ ನಾರುಗಾಜಿನ ಮೈಯ ಪುಟ್ಟ ಕಾರಿನಲ್ಲೂ ಎಂಜಿನ್ ಮುಂದಿದ್ದು ಹಿಂದಿನ ಚಕ್ರಗಳೇ ವಾಹನವನ್ನು ನಡೆಸುತ್ತಿದ್ದವು.

ಈ ಮನೆಯಲ್ಲಿದ್ದ ಡಿಫರೆನ್ಷಿಯಲನ್ನು ಹೊರತೆಗೆಯುವುದು ಸುಲಭ. ಅಂಬಾಸಿಡರಿನಲ್ಲಿ ಎರಡು ಬದಿಯ ಆಕ್ಸಲ್‌ಗಳನ್ನು ಹೊರಕ್ಕೆಳೆದು, ಪ್ರೊಪೆಲರ್ ಶಾಫ್ಟನ್ನು ಕಳಚಿ, ಸುತ್ತಲಿನ ನಟ್ಟುಗಳನ್ನು ಬಿಚ್ಚಿದರೆ ಇಡೀ ಜೋಡಣೆ ಕೈಗೆ ಬರುತ್ತದೆ. ಎಂಜಿನ್ ಮುಟ್ಟಬೇಕಿಲ್ಲ. ದಾವಣಗೆರೆಯ ಪಿ.ಬಿ. ರಸ್ತೆಯಂಥ ಹೆದ್ದಾರಿಗಳ ಬದಿಯ ಗ್ಯಾರೇಜುಗಳಲ್ಲಿ ಲಾರಿಗಳಿಗೂ ಇದೇ ಕೆಲಸ ನಡೆಯುತ್ತಿತ್ತು.

ಕಷ್ಟವಿದ್ದದ್ದು ಮರಳಿ ಜೋಡಿಸುವುದರಲ್ಲಿ. ಉದ್ದಕ್ಕೆ ಮಲಗಿದ ಶಾಫ್ಟಿನ ತಿರುಗಾಟವನ್ನು 90 ಡಿಗ್ರಿ ಹೊರಳಿಸಿ ಅಡ್ಡ ಅಚ್ಚಿಗೆ ಕೊಡಬೇಕು. 1926ರಲ್ಲಿ ಅಮೆರಿಕದ ಪ್ಯಾಕರ್ಡ್ ಕಾರಿನೊಂದಿಗೆ ಬಳಕೆಗೆ ಬಂದ ಹೈಪಾಯಿಡ್ ಗಿಯರುಗಳು ಈ ಕೆಲಸವನ್ನು ಸದ್ದಿಲ್ಲದೆ ಮಾಡುತ್ತವೆ. ಆದರೆ ಟೇಲ್ ಪಿನಿಯನ್ ಕ್ರೌನ್ ಚಕ್ರದೊಳಕ್ಕೆ ಎಷ್ಟು ಆಳ ಹೋಗಬೇಕು ಎಂಬುದು ಕೂದಲೆಳೆಯ ಲೆಕ್ಕ. ಅನುಭವಿ ಮೇಸ್ತ್ರಿ ಹಲ್ಲುಗಳಿಗೆ ಬಣ್ಣ ಸವರಿ ತಿರುಗಿಸಿ, ಎಲ್ಲಿ ಗುರುತು ಬಿತ್ತೆಂದು ನೋಡಿ ಈ ಆಳವನ್ನು ಹೊಂದಿಸುತ್ತಾನೆ. ಹೈಪಾಯಿಡ್ ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಜಾರುವುದರಿಂದ, ಗಂಧಕ ಮತ್ತು ರಂಜಕದ ಸಂಯುಕ್ತಗಳು ಬೆರೆತ ವಿಶೇಷ ಎಣ್ಣೆಯೂ ಬೇಕು.

ಮುಂದಕ್ಕೆ ಬರಲು ತಡೆದದ್ದೇನು?

ಎಂಜಿನ್ ಮುಂದಿರುವಾಗ ಮುಂದಿನ ಚಕ್ರಗಳನ್ನೇ ಏಕೆ ತಿರುಗಿಸಬಾರದು? ಫ್ರಾನ್ಸಿನ ಕ್ಯುನೊ 1769ರಲ್ಲಿ ಮಾಡಿದ ಉಗಿ ಬಂಡಿಯಲ್ಲಿಯೇ ಮುಂದಿನ ಒಂಟಿ ಚಕ್ರಕ್ಕೆ ಚಾಲನೆ ಇತ್ತು. ಕಾರಿನಲ್ಲಿ ತಡೆಯಾದದ್ದು ಒಂದು ಕೀಲು. ಮುಂದಿನ ಚಕ್ರ ತಿರುಗಬೇಕು, ಪಕ್ಕಕ್ಕೆ ಹೊರಳಬೇಕು, ಗುಂಡಿ ಬಂದಾಗ ಮೇಲೆ ಕೆಳಗೆ ಆಡಬೇಕು. ಅಡ್ಡಸರಳು ಹೊಂದಿದ ಹಳೆಯ ಹುಕ್ ಕೀಲನ್ನು 30 ಡಿಗ್ರಿ ಬಾಗಿಸಿದರೆ ಒಳಗೆ ಬರುವ ವೇಗ ಸಮವಾಗಿದ್ದರೂ ಹೊರಹೋಗುವ ವೇಗ ಪ್ರತಿ ಸುತ್ತಿನಲ್ಲಿ ಎರಡು ಬಾರಿ 0.87ರಿಂದ 1.15 ಪಟ್ಟಿನವರೆಗೆ ಏರಿಳಿಯುತ್ತದೆ. ಚಾಲಕನ ಕೈಯಲ್ಲಿ ಸ್ಟಿಯರಿಂಗ್ ನಡುಗುತ್ತದೆ.

1926ರ ಸುಮಾರಿಗೆ ಎರಡು ಕಡೆ ಪರಿಹಾರ ದೊರೆಯಿತು. ಫ್ರಾನ್ಸಿನಲ್ಲಿ ಗ್ರೆಗ್ವಾರ್ ಮತ್ತು ಫೆನಾಯ್ ಅವರ ಟ್ರಾಕ್ಟಾ ಕೀಲು, ಅಮೆರಿಕದಲ್ಲಿ ಆಲ್ಫ್ರೆಡ್ ರೆಪ್ಪಾ ಅವರ ಗುಂಡಿನ ಕೀಲು. ರೆಪ್ಪಾ ಕೀಲಿನಲ್ಲಿ ಆರು ಉಕ್ಕಿನ ಗುಂಡುಗಳು ಎರಡು ಶಾಫ್ಟುಗಳ ನಡುವಿನ ಕೋನವನ್ನು ಸರಿಯಾಗಿ ಅರ್ಧಿಸುವ ಸಮತಲದಲ್ಲಿಯೇ ಇರುತ್ತವೆ. ಹಾಗಾಗಿ ವೇಗ ಏರಿಳಿಯುವುದಿಲ್ಲ.

1934ರಲ್ಲಿ ಸಿಟ್ರೊಯೆನ್ ಕಂಪನಿ ಮುಂಚಕ್ರ ಚಾಲನೆಯ ಕಾರನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತು. 1959ರಲ್ಲಿ ಅಲೆಕ್ ಇಸಿಗೋನಿಸ್ ರೂಪಿಸಿದ ಮಿನಿ ಕಾರಿನಲ್ಲಿ ಎಂಜಿನ್ ಅಡ್ಡಲಾಗಿ ತಿರುಗಿ ಕುಳಿತಿತು. ಗಿಯರ್ ಪೆಟ್ಟಿಗೆ ಮತ್ತು ಡಿಫರೆನ್ಷಿಯಲ್ ಎರಡೂ ಅದರ ಕೆಳಗೆ, ಎಂಜಿನ್ನಿನ ಎಣ್ಣೆಯಲ್ಲಿಯೇ ಮುಳುಗಿದ್ದವು. 1964ರಲ್ಲಿ ಇಟಲಿಯ ದಾಂತೆ ಜಿಯಕೋಸಾ ಪ್ರಿಮುಲಾ ಎಂಬ ಕಾರಿನಲ್ಲಿ ಗಿಯರ್ ಪೆಟ್ಟಿಗೆಯನ್ನು ಅಡ್ಡ ಎಂಜಿನ್ನಿನ ಪಕ್ಕಕ್ಕೆ ತಂದು, ಅದಕ್ಕೆ ಪ್ರತ್ಯೇಕ ಎಣ್ಣೆ ಕೊಟ್ಟ. ಇಂದಿನ ಬಹುಪಾಲು ಚಿಕ್ಕ ಕಾರುಗಳು ಈ ಮಾದರಿಯವೇ. ನಮ್ಮ ರಸ್ತೆಗಳಿಗೆ ಇದನ್ನು ದೊಡ್ಡ ಸಂಖ್ಯೆಯಲ್ಲಿ ತಂದದ್ದು 1983ರ ಡಿಸೆಂಬರಿನಲ್ಲಿ ಹೊರಬಂದ, 796 ಘನ ಸೆಂಟಿಮೀಟರ್ ಎಂಜಿನ್ನಿನ ಮಾರುತಿ 800.

ಜಾಗ ಬದಲಿಸಿದ ಕಷ್ಟ

ಈ ಸ್ಥಳಾಂತರದಿಂದ ಏನಾಯಿತು ನೋಡಿ. ಎಂಜಿನ್ನಿನ ಅಕ್ಷ ಮತ್ತು ಚಕ್ರದ ಅಚ್ಚು ಸಮಾಂತರವಾದವು. 90 ಡಿಗ್ರಿ ಹೊರಳಿಸುವ ಕೆಲಸವೇ ಉಳಿಯಲಿಲ್ಲ. ಹೈಪಾಯಿಡ್ ಬದಲು ಓರೆ ಹಲ್ಲಿನ ಸಾಮಾನ್ಯ ಗಿಯರ್ ಸಾಕಾಯಿತು. ಬಣ್ಣ ಸವರಿ ಆಳ ನೋಡುವ ಕಷ್ಟ ಹೋಯಿತು. ಆದರೆ ಡಿಫರೆನ್ಷಿಯಲ್ ಈಗ ಗಿಯರ್ ಪೆಟ್ಟಿಗೆಯ ಒಳಗಿದೆ. ಅದನ್ನು ನೋಡಬೇಕೆಂದರೆ ಪೆಟ್ಟಿಗೆಯನ್ನೇ ಕಾರಿನಿಂದ ಇಳಿಸಬೇಕು. ಹಾಗಾದರೆ ಮನೆಯಂಗಳದಲ್ಲಿ ಈ ಕೆಲಸ ಸಾಧ್ಯವೇ?

ಮೊದಲು ದೋಷ ಅಲ್ಲಿಯೇ ಇದೆಯೇ ಎಂದು ತಿಳಿಯಬೇಕು. ತಿರುವಿನಲ್ಲಿ ಮಾತ್ರ ಟಕ್ ಟಕ್ ಎಂಬ ಸದ್ದು ಬಂದರೆ ಅದು ಸಾಮಾನ್ಯವಾಗಿ ಹೊರಗಿನ ಗುಂಡಿನ ಕೀಲಿನದು. ಮೇಲಿನ ರಬ್ಬರ್ ಬೂಟು ಹರಿದು ಒಳಗೆ ಧೂಳು ಸೇರಿರುತ್ತದೆ. ಅದಕ್ಕಾಗಿ ಪೆಟ್ಟಿಗೆ ಇಳಿಸುವುದು ವ್ಯರ್ಥ ಶ್ರಮ. ಹೊರಚೆಲ್ಲಿದ ಎಣ್ಣೆಯಲ್ಲಿ ಲೋಹದ ಚೂರುಗಳು ಕಂಡರೆ ಮಾತು ಬೇರೆ.

ಇಳಿಸುವ ಕ್ರಮ ಹೀಗಿದೆ. ಚಕ್ರಗಳು ನೆಲದ ಮೇಲಿರುವಾಗಲೇ ಹಬ್ಬಿನ ದೊಡ್ಡ ನಟ್ಟನ್ನು ಸಡಿಲಿಸಬೇಕು. ಬ್ಯಾಟರಿಯ ತಂತಿ ಕಳಚಿ, ಕಾರನ್ನು ಗಟ್ಟಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಬೇಕು. ಜಾಕ್ ಎತ್ತುವುದಕ್ಕೆ ಮಾತ್ರ, ಹೊರುವುದಕ್ಕಲ್ಲ; ಬರೀ ಜಾಕಿನ ಮೇಲಿರುವ ಕಾರಿನ ಕೆಳಗೆ ಯಾರೂ ತಲೆ ಹಾಕಬಾರದು. ಎಣ್ಣೆ ಇಳಿಸಿ, ಕೆಳಗಿನ ಬಾಲ್ ಜಾಯಿಂಟ್ ಬಿಡಿಸಿ, ಎರಡೂ ಡ್ರೈವ್ ಶಾಫ್ಟುಗಳನ್ನು ಹೊರತೆಗೆಯಬೇಕು. ಕೆಲವು ಮಾದರಿಗಳಲ್ಲಿ ಎರಡನ್ನೂ ಒಟ್ಟಿಗೆ ಎಳೆದರೆ ಒಳಗಿನ ಪಕ್ಕದ ಗಿಯರುಗಳು ಜಾಗ ತಪ್ಪುತ್ತವೆ. ಹಾಗಾಗಿ ಖಾಲಿಯಾದ ರಂಧ್ರಕ್ಕೆ ಸರಿಯಳತೆಯ ಸರಳೊಂದನ್ನು ತೂರಿಸುತ್ತಾರೆ. ಕ್ಲಚ್ ಕೇಬಲ್, ಗಿಯರ್ ಸರಳು, ಸ್ಟಾರ್ಟರ್ ಇವನ್ನು ಕಳಚಿ, ಎಂಜಿನ್ನಿಗೆ ಪ್ರತ್ಯೇಕ ಆಧಾರ ಕೊಟ್ಟ ಮೇಲೆಯೇ ಪೆಟ್ಟಿಗೆಯ ಬೋಲ್ಟುಗಳನ್ನು ಬಿಚ್ಚಿ ಎಂಜಿನ್ನಿನಿಂದ ನೇರವಾಗಿ ಪಕ್ಕಕ್ಕೆ ಸರಿಸಬೇಕು. ಕವಚವನ್ನು ಎರಡು ಹೋಳು ಮಾಡಿದಾಗ ಡಿಫರೆನ್ಷಿಯಲ್ ಕಾಣುತ್ತದೆ.

ಇಲ್ಲಿಯವರೆಗೆ ಸ್ಪ್ಯಾನರು, ತಾಳ್ಮೆ, ಇನ್ನೊಬ್ಬರ ಕೈ ಇದ್ದರೆ ಸಾಕು. ಜೋಡಿಸುವಾಗ ಅಳತೆ ಬೇಕು. ಡಿಫರೆನ್ಷಿಯಲ್ ಎರಡು ಬೇರಿಂಗುಗಳ ಮೇಲೆ ಕೂರುತ್ತದೆ. ಅವು ಮೊನಚು ರೋಲರ್ ಬೇರಿಂಗುಗಳಾದರೆ ತುಸು ಅದುಮಿ ಕೂರಿಸಬೇಕು. ಎಷ್ಟು ಅದುಮಬೇಕೆಂಬುದನ್ನು ನಿರ್ಧರಿಸುವುದು ಷಿಮ್ ಎಂಬ ತೆಳುವಾದ ಉಕ್ಕಿನ ಬಳೆ. ಅದರ ದಪ್ಪದಲ್ಲಿ ಮಿಲಿಮೀಟರಿನ ನೂರರಲ್ಲಿ ಕೆಲವೇ ಭಾಗ ಹೆಚ್ಚಾದರೆ ಬೇರಿಂಗ್ ಕಾದು ಸುಡುತ್ತದೆ; ಕಡಿಮೆಯಾದರೆ ಗಿಯರ್ ಅಲುಗಾಡಿ ಹಲ್ಲು ಸವೆಯುತ್ತದೆ. ಬೇರಿಂಗ್ ಬದಲಿಸಿದಾಗಲೆಲ್ಲ ಈ ಅಳತೆಯನ್ನು ಹೊಸದಾಗಿ ಮಾಡಬೇಕು. ಎಣ್ಣೆ ಸೀಲುಗಳೂ ಹಬ್ಬಿನ ನಟ್ಟೂ ಹೊಸವೇ ಇರಬೇಕು. ಎಣ್ಣೆಯ ವಿಷಯದಲ್ಲೂ ಎಚ್ಚರ ಅಗತ್ಯ. ಗಿಯರುಗಳಿಗೂ ಡಿಫರೆನ್ಷಿಯಲ್ಲಿಗೂ ಈಗ ಒಂದೇ ಎಣ್ಣೆ. ಹೈಪಾಯಿಡ್ ಗಿಯರಿನ ತೀಕ್ಷ್ಣ ಎಣ್ಣೆ ಸುರಿದರೆ ಅದರ ಗಂಧಕವು ಗಿಯರ್ ಬದಲಿಸಲು ನೆರವಾಗುವ ಹಿತ್ತಾಳೆಯ ಬಳೆಗಳನ್ನು ತಿನ್ನಬಹುದು. ಕೈಪಿಡಿ ಹೇಳಿದ ದರ್ಜೆಯನ್ನೇ ಹಾಕಬೇಕು.

ಅಂದರೆ ಕಷ್ಟ ಮಾಯವಾಗಲಿಲ್ಲ. ಗಿಯರ್ ಹಲ್ಲಿನಿಂದ ಹೊರಟು ಬೇರಿಂಗಿಗೂ ಪೆಟ್ಟಿಗೆ ಇಳಿಸುವ ಶ್ರಮಕ್ಕೂ ಜಾಗ ಬದಲಿಸಿತು. ಕಣ್ಣಿನ ಅಂದಾಜಿದ್ದ ಕಡೆ ಡಯಲ್ ಗೇಜ್ ಬಂದು ಕುಳಿತಿತು.

ನೂರನೆಯ ಒಂದು ಭಾಗದ ಈ ಲೆಕ್ಕ ನಮ್ಮ ಸೀಮೆಗೆ ಹೊಸದಲ್ಲ. 1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳು ದೇಶದ ವರ್ಕ್‌ಶಾಪುಗಳಿಗೂ ತಾಂತ್ರಿಕ ಶಾಲೆಗಳಿಗೂ ಹೋದವು. ಆ ಕಾರ್ಖಾನೆ 2000ದ ದಶಕದ ಆರಂಭದಲ್ಲಿ ಮುಚ್ಚಿತು. ಅದೇ ಕಿರ್ಲೋಸ್ಕರ್ ಮನೆತನದ ಪಾಲುದಾರಿಕೆಯಲ್ಲಿ 1997ರಲ್ಲಿ ಸ್ಥಾಪನೆಯಾದ ಬಿಡದಿಯ ಟೊಯೊಟಾ ಕಾರ್ಖಾನೆ ಮೊದಲು ತಯಾರಿಸಿದ ಕ್ವಾಲಿಸ್, ಬಳಿಕ 2005ರ ಇನ್ನೋವಾ, ಎರಡೂ ಹಿಂಚಕ್ರ ಚಾಲನೆಯವು. 2022ರಲ್ಲಿ ಅನಾವರಣಗೊಂಡ ಇನ್ನೋವಾ ಹೈಕ್ರಾಸ್‌ನಲ್ಲಿ ಚಾಲನೆ ಮುಂದಿನ ಚಕ್ರಕ್ಕೆ ಬಂದಿತು. ಯಂತ್ರ ಬದಲಾಗಿ, ಕಾರ್ಖಾನೆ ಮುಚ್ಚಿ, ಇನ್ನೊಂದು ತೆರೆಯಬಹುದು. ಅಳೆದು ನೋಡುವ ಅಭ್ಯಾಸ ಉಳಿದರೆ ಮಾತ್ರ ನಮ್ಮ ಯಂತ್ರಗಳನ್ನು ನಾವೇ ದುರಸ್ತಿ ಮಾಡಿಕೊಳ್ಳಬಲ್ಲೆವು. ಇಲ್ಲವಾದರೆ ಇಡೀ ಪೆಟ್ಟಿಗೆಯನ್ನೇ ಎಸೆದು ಹೊಸದನ್ನು ಕೊಳ್ಳುವುದೊಂದೇ ದಾರಿ.

ಮಾಡಿ ನೋಡಿ

ಪೆಟ್ಟಿಗೆ ಬಿಚ್ಚದೆಯೂ ಡಿಫರೆನ್ಷಿಯಲ್ಲಿನ ಸೂತ್ರವನ್ನು ತರಗತಿಗೆ ತೋರಿಸಬಹುದು. ಪರಿಚಿತ ಮೇಸ್ತ್ರಿಯ ನೆರವಿನಿಂದ ಮುಂಚಕ್ರ ಚಾಲನೆಯ ಕಾರಿನ ಹಿಂದಿನ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಮುಂಭಾಗವನ್ನು ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ. ಎಂಜಿನ್ ಆರಿರಲಿ, ಕೀಲಿಕೈ ಶಿಕ್ಷಕರ ಜೇಬಿನಲ್ಲಿರಲಿ. ಒಂದನೇ ಗಿಯರಿಗೆ ಹಾಕಿದರೆ ಕ್ರೌನ್ ಚಕ್ರ ಅಲುಗದಂತೆ ನಿಲ್ಲುತ್ತದೆ. ಅದರ ವೇಗ ಸೊನ್ನೆ. ಈಗ ಎಡಚಕ್ರವನ್ನು ಕೈಯಿಂದ ಮುಂದಕ್ಕೆ ತಿರುಗಿಸಿ. ಬಲಚಕ್ರ ಯಾವ ದಿಕ್ಕಿಗೆ, ಎಷ್ಟು ಸುತ್ತು ತಿರುಗಬೇಕೆಂದು ಮೊದಲೇ ಸೂತ್ರದಿಂದ ಲೆಕ್ಕ ಹಾಕಲು ವಿದ್ಯಾರ್ಥಿಗಳಿಗೆ ಹೇಳಿ. ಆಮೇಲೆ ಟೈರುಗಳ ಮೇಲೆ ಸೀಮೆಸುಣ್ಣದ ಗುರುತು ಹಾಕಿ ಎಣಿಸಲಿ. ಪೆಕ್ಯೂರನ ಈ ಪುಟ್ಟ ನೊಗ ಇಂದಿನ ಹೆಚ್ಚಿನ ವಿದ್ಯುತ್ ಕಾರುಗಳಲ್ಲೂ ಮೋಟರಿಗೂ ಚಕ್ರಗಳಿಗೂ ನಡುವೆ ತಿರುಗುತ್ತಲೇ ಇದೆ.