ಗಿಡ ಕುಡಿದ ನೀರಿನ ಲೆಕ್ಕ: ತಕ್ಕಡಿಯಿಂದ ರೋಬೋಟ್‌ವರೆಗೆ

ಬರ ತಾಳುವ ತಳಿಗಳನ್ನು ರೂಪಿಸುವ ಕ್ಷೇತ್ರಕ್ಕೆ ರೋಬೋಟ್‌ಗಳು ಬಂದದ್ದು ಇತ್ತೀಚೆಗಾದರೂ ಅವುಗಳಿಗೆ ಒಪ್ಪಿಸಲಾದ ಕೆಲಸಕ್ಕೆ ಮುನ್ನೂರು ವರ್ಷಗಳ ಹಿನ್ನೆಲೆಯಿದೆ. ಒಂದು ಗಿಡ ಎಷ್ಟು ನೀರು ಕುಡಿಯಿತು, ಯಾವ ಹಂತದಲ್ಲಿ ಕುಡಿಯಿತು, ಕುಡಿದ ನೀರಿಗೆ ತಕ್ಕಂತೆ ಎಷ್ಟು ಬೆಳೆಯಿತು ಎಂಬುದನ್ನು ತೂಗಿ ನೋಡುವುದೇ ಆ ಕೆಲಸ. ಬೇರು ಹೀರಿದ ನೀರು ಎಲೆಯ ಪತ್ರರಂಧ್ರಗಳಿಂದ ಆವಿಯಾಗಿ ಹೊರಹೋಗುವುದನ್ನು ಬಾಷ್ಪವಿಸರ್ಜನೆ ಎನ್ನುತ್ತಾರೆ. ಆಹಾರ ತಯಾರಿಕೆಗೆ ಬೇಕಾದ ಇಂಗಾಲದ ಡೈಆಕ್ಸೈಡ್ ಒಳಬರುವುದೂ ಅದೇ ರಂಧ್ರಗಳಿಂದಲೇ ಆದ್ದರಿಂದ ನೀರು ಕಳೆದುಕೊಳ್ಳದೆ ಬೆಳೆಯುವ ದಾರಿ ಗಿಡಕ್ಕಿಲ್ಲ.

ಈ ಲೆಕ್ಕವನ್ನು ಶಿಸ್ತಿನಿಂದ ಇಟ್ಟ ಮೊದಲಿಗರಲ್ಲಿ ಇಂಗ್ಲೆಂಡಿನ ಟೆಡ್ಡಿಂಗ್ಟನ್ನಿನ ಪಾದ್ರಿ ಸ್ಟೀಫನ್ ಹೇಲ್ಸ್ ಒಬ್ಬ. 1724ರ ಬೇಸಿಗೆಯಲ್ಲಿ ಆತ ಮೂರೂವರೆ ಅಡಿ ಎತ್ತರದ ಸೂರ್ಯಕಾಂತಿ ಗಿಡವಿದ್ದ ಕುಂಡದ ಬಾಯಿಗೆ ಸೀಸದ ತೆಳುತಗಡು ಮುಚ್ಚಿ, ಮಣ್ಣಿನಿಂದ ನೇರವಾಗಿ ನೀರು ಆರದಂತೆ ಮಾಡಿ, ಬೆಳಿಗ್ಗೆ ಸಂಜೆ ಅದನ್ನು ತೂಗಿದ. ಬಿಸಿಲು ಹೆಚ್ಚಿದ್ದ ದಿನ ಹನ್ನೆರಡು ಗಂಟೆಗಳಲ್ಲಿ ಗಿಡ ಕಳೆದುಕೊಂಡದ್ದು 1 ಪೌಂಡ್ 14 ಔನ್ಸ್, ಅಂದರೆ ಸುಮಾರು 850 ಗ್ರಾಂ ನೀರು. 1727ರಲ್ಲಿ ಪ್ರಕಟವಾದ ಆತನ ಗ್ರಂಥದಲ್ಲಿ ವಿವರಿಸಲಾದ ಈ ವಿಧಾನ, ಕುಂಡದ ಬಾಯಿ ಮುಚ್ಚಿ ತೂಕದ ಇಳಿಕೆಯನ್ನು ನೋಡುವುದು, ಇಂದಿಗೂ ತತ್ತ್ವತಃ ಬದಲಾಗಿಲ್ಲ.

ಹೇಲ್ಸ್‌ನ ಕುತೂಹಲ ಗಿಡದ ಶರೀರಕ್ರಿಯೆಯ ಬಗೆಗಿನದು. ಅದು ಬೇಸಾಯದ ಪ್ರಶ್ನೆಯಾಗಿ ದೊಡ್ಡ ಪ್ರಮಾಣದಲ್ಲಿ ಎದುರಾದದ್ದು ಅಮೆರಿಕದ ಒಣ ಬಯಲು ಸೀಮೆಯಲ್ಲಿ. ಕೊಲೊರಾಡೊ ರಾಜ್ಯದ ಆಕ್ರನ್ ಎಂಬಲ್ಲಿ 1910ರ ದಶಕದಲ್ಲಿ ಲೈಮನ್ ಬ್ರಿಗ್ಸ್ ಮತ್ತು ಹೋಮರ್ ಶಾಂಟ್ಜ್ ಎಂಬ ವಿಜ್ಞಾನಿಗಳು ನೂರು ಕಿಲೋಗೂ ಮಿಕ್ಕಿ ಮಣ್ಣು ಹಿಡಿಯುವ ತಗಡಿನ ಡಬ್ಬಿಗಳಲ್ಲಿ ಬಗೆಬಗೆಯ ಬೆಳೆಗಳನ್ನು ಬೆಳೆಸಿ ತೂಗಿದರು. ಒಂದು ಕಿಲೋ ಒಣ ಪದಾರ್ಥ ಕಟ್ಟಲು ಬರಗು ಮತ್ತು ಜೋಳ 300 ಕಿಲೋ ಆಸುಪಾಸಿನಲ್ಲಿ ನೀರು ಬಳಸಿದರೆ, ಗೋಧಿಗೆ ಸುಮಾರು 500 ಕಿಲೋ, ಕುದುರೆ ಮಸಾಲೆಗೆ 800 ಕಿಲೋಗೂ ಹೆಚ್ಚು ಬೇಕಾಯಿತು. ಬಯಲಿನಲ್ಲಿಟ್ಟ ಗಿಡದ ತೂಕದ ಇಳಿಕೆಯನ್ನು ತಾನಾಗಿಯೇ ದಾಖಲಿಸುವ ತಕ್ಕಡಿಯೊಂದನ್ನೂ ಅವರು 1915ರಲ್ಲಿ ವಿವರಿಸಿದರು. ಇಂದಿನ ಯಂತ್ರಗಳ ಪೂರ್ವಜನನ್ನು ಹುಡುಕುವುದಾದರೆ ಈ ತಕ್ಕಡಿಯನ್ನೇ ತೋರಿಸಬೇಕು.

ಆದರೆ ತಳಿ ಅಭಿವೃದ್ಧಿಪಡಿಸುವವರಿಗೆ ಬೆಳೆ ಬೆಳೆಗಳ ನಡುವಣ ವ್ಯತ್ಯಾಸ ತಿಳಿದರೆ ಸಾಲದು. ಒಂದೇ ಬೆಳೆಯ ನೂರಾರು ವಂಶಸಾಲುಗಳಲ್ಲಿ ಉತ್ತಮವಾದುದನ್ನು ಆರಿಸಬೇಕಾಗುತ್ತದೆ, ಅಷ್ಟು ಕುಂಡಗಳನ್ನು ಕೈಯಿಂದ ತೂಗುವುದು ಆಗದ ಮಾತು. ಆದ್ದರಿಂದ ತೂಗುವುದನ್ನೇ ತಪ್ಪಿಸುವ ಉಪಾಯವೊಂದು 1980ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ರೂಪುಗೊಂಡಿತು. ಗಾಳಿಯಲ್ಲಿರುವ ಇಂಗಾಲದಲ್ಲಿ 12 ಮತ್ತು 13 ಎಂಬ ತೂಕದ ಎರಡು ಸ್ಥಿರ ಸಮಸ್ಥಾನಿಗಳಿದ್ದು, ಗೋಧಿಯಂಥ ಬೆಳೆಗಳು ಭಾರದ್ದನ್ನು ಎಷ್ಟರಮಟ್ಟಿಗೆ ದೂರವಿಡುತ್ತವೆ ಎಂಬುದರಿಂದ ಅವುಗಳ ನೀರಿನ ಮಿತವ್ಯಯವನ್ನು ಅಂದಾಜಿಸಬಹುದೆಂದು ಗ್ರಹಾಂ ಫಾರ್ಕರ್ ಮತ್ತು ರಿಚರ್ಡ್ ರಿಚರ್ಡ್ಸ್ 1984ರಲ್ಲಿ ತೋರಿಸಿದರು. ಆ ದಾರಿಯಲ್ಲಿ ಆರಿಸಿದ ಡ್ರೈಸ್‌ಡೇಲ್ ಗೋಧಿ ತಳಿ ಬಿಡುಗಡೆಯಾದದ್ದು 2002ರಲ್ಲಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಬೆಳೆ ಶರೀರಕ್ರಿಯಾ ವಿಭಾಗವೂ ಸಮಸ್ಥಾನಿ ವಿಧಾನವನ್ನು ದೀರ್ಘಕಾಲ ಬಳಸಿಕೊಂಡು ಬಂದಿದೆ.

ಈ ಉಪಾಯಕ್ಕೆ ಒಂದು ಮಿತಿಯಿತ್ತು: ಅದು ಒಟ್ಟು ಮೊತ್ತವನ್ನು ಹೇಳುತ್ತದೆಯೇ ಹೊರತು ದಿನದಿನದ ಖರ್ಚನ್ನಲ್ಲ. ಮಿತವ್ಯಯಿಯೆಂದು ಕಂಡ ಗಿಡ ಎಷ್ಟೋ ಸಲ ಕಡಿಮೆ ಕುಡಿದು ಕಡಿಮೆ ಬೆಳೆದ ಗಿಡವಷ್ಟೇ ಆಗಿರುತ್ತದೆ ಎಂದು ಇಸ್ರೇಲಿನ ಅಬ್ರಹಾಂ ಬ್ಲಮ್ 2009ರಲ್ಲಿ ಎತ್ತಿದ ಆಕ್ಷೇಪದಲ್ಲಿ ತೂಕವಿತ್ತು. ವಿಜಯಪುರ, ಕಲಬುರಗಿ ಕಡೆಯ ಎರೆಭೂಮಿಯಲ್ಲಿ ಹಿಂಗಾರು ಜೋಳ ಬೆಳೆಯುವವರಿಗೆ ನೀರು ಯಾವಾಗ ಖರ್ಚಾಯಿತು ಎಂಬುದರ ಮಹತ್ವ ಹೊಸ ವಿಚಾರವೇನಲ್ಲ. ಬಿತ್ತುವಾಗ ನೆಲದಲ್ಲಿದ್ದ ಹಸಿಯ ಮೇಲೆಯೇ ಬೆಳೆಯುವ ಪೈರು ಎಲೆ ಬಿಡುವ ಹಂತದಲ್ಲೇ ಅದನ್ನು ಮುಗಿಸಿಕೊಂಡರೆ ತೆನೆಗೆ ಕಾಳು ಕಟ್ಟುವ ಹೊತ್ತಿಗೆ ಏನೂ ಉಳಿಯುವುದಿಲ್ಲ.

ಯಾವಾಗ ಎಂಬ ಈ ಪ್ರಶ್ನೆಯೇ ಯಂತ್ರವನ್ನು ಅನಿವಾರ್ಯಗೊಳಿಸಿತು. 1972ರಲ್ಲಿ ಸ್ಥಾಪನೆಯಾದ, ಹೈದರಾಬಾದ್ ಸಮೀಪದ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯಲ್ಲಿ ವಿನ್ಸೆಂಟ್ ವಾಡೆಜ್ ಮತ್ತು ಸಂಗಡಿಗರು ಮೊದಲಿಗೆ ಲೈಸಿಮೀಟರ್‌ಗಳನ್ನು, ಅಂದರೆ ಗಿಡ ಬಳಸಿದ ನೀರನ್ನು ಅಳೆಯುವ ಮಣ್ಣು ತುಂಬಿದ ಪಿವಿಸಿ ಕೊಳವೆಗಳನ್ನು ಗುಂಡಿಗಳಲ್ಲಿ ಸಾಲಾಗಿ ನಿಲ್ಲಿಸಿದರು. ಜೋಳ, ಸಜ್ಜೆಗಳಿಗೆ 2 ಮೀಟರ್ ಆಳದ, ಶೇಂಗಾ, ಕಡಲೆಗಳಿಗೆ 1.2 ಮೀಟರ್ ಆಳದ ಕೊಳವೆಗಳು. ಹೊಲದಲ್ಲಿ ಬೇರಿಗೆ ಸಿಗುವಷ್ಟು ಮಣ್ಣು ಇಲ್ಲಿಯೂ ಸಿಗಲೆಂಬುದು ಉದ್ದೇಶ. ಸರಪಳಿ ರಾಟೆಯಿಂದ ಒಂದೊಂದನ್ನೇ ಮೇಲೆತ್ತಿ ತೂಗಬೇಕಾಗಿದ್ದ ಈ ವ್ಯವಸ್ಥೆಯ ಮುಂದಿನ ಹೆಜ್ಜೆಯೇ 2015ರಲ್ಲಿ ಅವರು ವಿವರ ಪ್ರಕಟಿಸಿದ ಲೀಸಿಸ್ಕ್ಯಾನ್. ಇದರಲ್ಲಿ ಲೇಸರ್ ಸ್ಕ್ಯಾನರ್ ಗಿಡಗಳ ಮೇಲೆ ಹಾದುಹೋಗುತ್ತ ಎಲೆಗಳ ಮೂರು ಆಯಾಮದ ಆಕಾರವನ್ನು ಹಿಡಿದು ಎಲೆಯ ವಿಸ್ತೀರ್ಣವನ್ನು ಲೆಕ್ಕಹಾಕುತ್ತದೆ. ಕುಂಡಗಳ ಕೆಳಗಿನ ತಕ್ಕಡಿಗಳು ಬಾಷ್ಪವಿಸರ್ಜನೆಯನ್ನು ದಾಖಲಿಸುತ್ತವೆ. 2010ರಲ್ಲಿ ಆರಂಭವಾದ ಅಡಿಲೇಡಿನ ಪ್ಲಾಂಟ್ ಆಕ್ಸಿಲರೇಟರಿನಲ್ಲಿ ಕುಂಡಗಳೇ ಚಲಿಸುವ ಪಟ್ಟಿಯ ಮೇಲೆ ಕ್ಯಾಮೆರಾ ಬಳಿಗೆ ಹೋದರೆ, ಲೀಸಿಸ್ಕ್ಯಾನ್‌ನಲ್ಲಿ ಗಿಡ ನಿಂತಲ್ಲೇ ನಿಲ್ಲುತ್ತದೆ. ಹೊಲದಲ್ಲಿರುವಷ್ಟೇ ಒತ್ತಾಗಿ ಗಿಡಗಳನ್ನು ಬೆಳೆಸಲು ಸಾಧ್ಯವಾಗುವುದರಿಂದ ತಳಿಗಾರನಿಗೆ ಎರಡನೆಯ ಕ್ರಮವೇ ಹೆಚ್ಚು ಉಪಯುಕ್ತವೆನ್ನಬೇಕು. ನಡುಮಧ್ಯಾಹ್ನ ಗಾಳಿ ತೀರ ಒಣಗಿದಾಗ ರಂಧ್ರಗಳನ್ನು ಕಿರಿದಾಗಿಸಿ ನೀರುಳಿಸುವ ಸಜ್ಜೆ ಸಾಲುಗಳನ್ನು ಇಕ್ರಿಸ್ಯಾಟ್ ಸಂಸ್ಥೆಯವರು ಮೊದಲೇ ಗುರುತಿಸಿದ್ದರು. ಅಂಥ ಗುಣವನ್ನು ದೊಡ್ಡ ಸಂಖ್ಯೆಯ ಸಾಲುಗಳಲ್ಲಿ ಹುಡುಕುವುದು ಸಾಧ್ಯವಾದದ್ದು ಯಂತ್ರದಿಂದ.

ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ 2017ರ ಅಕ್ಟೋಬರ್‌ನಲ್ಲಿ ಇಂಥದೇ ಸ್ವಯಂಚಾಲಿತ ಕೇಂದ್ರ ಉದ್ಘಾಟನೆಯಾಯಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಜಿಕೆವಿಕೆ ಆವರಣದಲ್ಲೂ ಕುಂಡಗಳನ್ನು ನಿರಂತರವಾಗಿ ತೂಗುವ ವ್ಯವಸ್ಥೆ ಬಂದಿದೆ. ಇವೆಲ್ಲವೂ ಆಯ್ಕೆಯ ಹಂತಕ್ಕೆ ಸೀಮಿತ. ಆರಿಸಿದ ಜೋಳದ ಸಾಲುಗಳನ್ನು ಸಂಕರಗೊಳಿಸುವಾಗ ತೆನೆಯ ಹೂಗಳಿಂದ ಕೇಸರಗಳನ್ನು ಚಿಮಟದಲ್ಲಿ ಒಂದೊಂದಾಗಿ ಕಿತ್ತು, ಕಾಗದದ ಚೀಲ ಕಟ್ಟುವುದು ಈಗಲೂ ಕೈಕೆಲಸವೇ. ಆ ಸಂಕರದ ಸಂತತಿ ಅಖಿಲ ಭಾರತ ಸಮನ್ವಿತ ಯೋಜನೆಯ ಬೇರೆ ಬೇರೆ ಊರುಗಳ ತಾಕುಗಳಲ್ಲಿ ಹಲವು ಹಂಗಾಮುಗಳ ಪರೀಕ್ಷೆ ದಾಟಿದ ಮೇಲೆಯೇ ಬಿತ್ತನೆ ಬೀಜವಾಗಿ ರೈತನ ಕೈ ಸೇರುತ್ತದೆ.