ಹಂದಿಮರಿಯ ಕರುಳು ತಲುಪಬೇಕಾದ ಎಣ್ಣೆ

ಹಾಲು ಬಿಡಿಸಿದ ವಾರ ಹಂದಿಮರಿಗೆ ಬಲು ಕಷ್ಟದ್ದು. ಯುರೋಪಿನ ಸಾಕಣೆ ಕೇಂದ್ರಗಳಲ್ಲಿ ಮೂರ್ನಾಲ್ಕು ವಾರ ತುಂಬುತ್ತಲೇ ಮರಿಯನ್ನು ತಾಯಿಯಿಂದ ಬೇರ್ಪಡಿಸುತ್ತಾರೆ. ಹಾಲು ತಪ್ಪಿ ಒಣ ಆಹಾರ ಎದುರಾಗುತ್ತದೆ, ಅದನ್ನು ಅರಗಿಸುವಷ್ಟು ಆಮ್ಲ ಹೊಟ್ಟೆಯಲ್ಲಿ ಇನ್ನೂ ಊರಿರುವುದಿಲ್ಲ. ಅದೇ ಹೊತ್ತಿಗೆ ಇ. ಕೋಲಿ ಬ್ಯಾಕ್ಟೀರಿಯಾ ಕರುಳಿನ ಗೋಡೆಗೆ ಅಂಟಿಕೊಂಡು ನೀರುಭೇದಿ ತರುತ್ತದೆ. ಹಂದಿ ಆಹಾರಕ್ಕೆ ಸುಗಂಧ ತೈಲ ಬೆರೆಸುವ ಸಂಶೋಧನೆ ಬಹುಪಾಲು ಮರಿಗೆ ಈ ವಾರವನ್ನು ದಾಟಿಸುವ ಪ್ರಯತ್ನವೇ.

ಮೊದಲು ಆ ಕೆಲಸ ಮಾಡಿದ್ದು ಆ್ಯಂಟಿಬಯೋಟಿಕ್. 1949-50ರ ಸುಮಾರಿಗೆ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಸ್ಟೋಕ್‌ಸ್ಟಾಡ್ ಮತ್ತು ಜೂಕ್ಸ್, ಆರಿಯೋಮೈಸಿನ್ ಬೆರೆತ ಆಹಾರ ತಿಂದ ಕೋಳಿಮರಿಗಳು ಬೇಗ ಬೆಳೆಯುವುದನ್ನು ಕಂಡರು. ಹಂದಿ ಸಾಕಣೆಯೂ ಅದೇ ದಾರಿ ಹಿಡಿಯಿತು. ರೋಗವಿಲ್ಲದ ಪ್ರಾಣಿಗೆ ದಿನವೂ ಔಷಧ ತಿನ್ನಿಸುವ ಈ ರೂಢಿಯಿಂದ ಔಷಧಕ್ಕೆ ಬಗ್ಗದ ಸೂಕ್ಷ್ಮಾಣುಗಳು ಬೆಳೆಯುತ್ತವೆಂದು 1969ರಲ್ಲೇ ಬ್ರಿಟನ್ನಿನ ಸ್ವಾನ್ ಸಮಿತಿ ಎಚ್ಚರಿಸಿತ್ತು. 1986ರಲ್ಲಿ ಸ್ವೀಡನ್ ಅದನ್ನು ನಿಷೇಧಿಸಿತು, 2006ರ ಜನವರಿ 1ರಿಂದ ಇಡೀ ಐರೋಪ್ಯ ಒಕ್ಕೂಟ. ಎಚ್ಚರಿಕೆಗೂ ಒಕ್ಕೂಟದ ನಿಷೇಧಕ್ಕೂ ನಡುವೆ ಮೂವತ್ತಾರು ವರ್ಷ ಕಳೆದುಹೋದದ್ದು ನನ್ನನ್ನು ಈಗಲೂ ಕಾಡುತ್ತದೆ.

ತೆರವಾದ ಜಾಗಕ್ಕೆ ಥೈಮ್, ಒರೆಗಾನೊ, ದಾಲ್ಚಿನ್ನಿ, ಲವಂಗದ ಎಣ್ಣೆಗಳು ಬಂದವು. ಒರೆಗಾನೊದ ಕಾರ್ವಕ್ರಾಲ್, ಲವಂಗದ ಯೂಜಿನಾಲ್, ದಾಲ್ಚಿನ್ನಿಯ ಸಿನಮಾಲ್ಡಿಹೈಡ್, ಥೈಮ್‌ನಲ್ಲೂ ನಮ್ಮ ಓಮದಲ್ಲೂ ಇರುವ ಥೈಮಾಲ್ ಇವುಗಳ ಮುಖ್ಯ ಸತ್ವ. ಥೈಮಾಲ್, ಕಾರ್ವಕ್ರಾಲ್‌ಗಳು ಬ್ಯಾಕ್ಟೀರಿಯಾದ ಜಿಡ್ಡಿನ ಪೊರೆಯೊಳಗೆ ಸೇರಿಕೊಂಡು ಅದನ್ನು ಸಡಿಲಿಸುತ್ತವೆ. ಒಳಗಿನ ಪೊಟ್ಯಾಸಿಯಂ ಸೋರಿಹೋಗಿ ಕೋಶ ಸೊರಗುತ್ತದೆ. ಗಾಜಿನ ತಟ್ಟೆಯಲ್ಲಿ ಇದೆಲ್ಲ ಸೊಗಸಾಗಿ ಕಂಡಿತು.

ಹಂದಿಯ ಹೊಟ್ಟೆಯಲ್ಲಿ ಅಷ್ಟು ಸುಲಭವಾಗಲಿಲ್ಲ. ಒಂದು ಪ್ರಯೋಗದಲ್ಲಿ ಮರಿಗಳ ತೂಕ ಏರಿದರೆ ಇನ್ನೊಂದರಲ್ಲಿ ಏನೂ ಆಗಲಿಲ್ಲ. ಪ್ರಮಾಣ ಹೆಚ್ಚಿಸಿದರೆ ಘಾಟಿಗೆ ಮರಿಗಳು ಆಹಾರವನ್ನೇ ಬಿಡುತ್ತಿದ್ದವು. ಆಹಾರದ ಕೊಬ್ಬು, ಪ್ರೋಟೀನುಗಳು ಎಣ್ಣೆಯನ್ನು ಹಿಡಿದಿಟ್ಟುಕೊಂಡು ಅದರ ಶಕ್ತಿ ಕುಂದಿಸುತ್ತಿದ್ದವು. ಎಲ್ಲಕ್ಕಿಂತ ದೊಡ್ಡ ತೊಡಕನ್ನು 2008ರಲ್ಲಿ ಬೆಲ್ಜಿಯಂನ ಘೆಂಟ್‌ನಲ್ಲಿ ಮಿಶಿಯೆಲ್ಸ್ ಮತ್ತು ಸಂಗಡಿಗರು ತೋರಿಸಿದರು. ಮರಿಗಳಿಗೆ ಕೊಟ್ಟ ಈ ಸತ್ವಗಳು ಜಠರ ಮತ್ತು ಸಣ್ಣ ಕರುಳಿನ ಮೊದಲ ಭಾಗದಲ್ಲೇ ಬಹುತೇಕ ಹೀರಲ್ಪಡುತ್ತಿದ್ದವು. ರೋಗಾಣು ಬೀಡುಬಿಡುವ ಕೆಳಭಾಗಕ್ಕೆ ಮುಟ್ಟುತ್ತಿದ್ದುದು ತೀರ ಅಲ್ಪ.

ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರ ಪ್ರಬುದ್ಧವಾದದ್ದು ಇಲ್ಲಿಂದ. ಯಾವ ಎಣ್ಣೆ ಒಳ್ಳೆಯದು ಎಂಬ ಪ್ರಶ್ನೆಯ ಜೊತೆಗೆ ಅದು ಎಲ್ಲಿಯವರೆಗೆ ಹೋಗುತ್ತದೆ ಎಂಬ ಪ್ರಶ್ನೆಯೂ ಬಂತು. ಎಣ್ಣೆಯ ಹನಿಗಳನ್ನು ಗಟ್ಟಿ ಕೊಬ್ಬಿನ ಅಥವಾ ಆಲ್ಜಿನೇಟಿನ ಸಣ್ಣ ಕವಚದಲ್ಲಿ ಮುಚ್ಚುವ ತಂತ್ರ ಬೆಳೆಯಿತು. ಇದರಿಂದ ಘಾಟು ಅಡಗಿತು, ಆಹಾರವನ್ನು ಗುಳಿಗೆಯಾಗಿ ಒತ್ತುವಾಗಿನ ಶಾಖಕ್ಕೆ ಎಣ್ಣೆ ಹಾರಿಹೋಗುವುದು ತಗ್ಗಿತು, ಕವಚ ಕರುಳಿನಲ್ಲಿ ನಿಧಾನವಾಗಿ ಕರಗತೊಡಗಿತು. ಎಣ್ಣೆ ಸೂಕ್ಷ್ಮಾಣುವನ್ನು ಕೊಲ್ಲುವುದಷ್ಟೇ ಅಲ್ಲ, ಕರುಳಿನ ಉರಿಯೂತ ತಗ್ಗಿಸುವುದು, ಒಳಗೋಡೆಯನ್ನು ಬಿಗಿಗೊಳಿಸುವುದು ಕೂಡ ಅಧ್ಯಯನದ ವಿಷಯವಾದವು.

ಆ ಮಧ್ಯೆ ಯುರೋಪಿನ ರೈತರು ಭೇದಿ ತಡೆಯಲು ಜಿಂಕ್ ಆಕ್ಸೈಡಿಗೆ ಮೊರೆಹೋಗಿದ್ದರು. ಮರಿಗಳ ಆಹಾರದಲ್ಲಿ ಕಿಲೋಗೆ 150 ಮಿಲಿಗ್ರಾಂ ಸತುವೇ ಮಿತಿಯಾಗಿದ್ದರೂ ಔಷಧವಾಗಿ 2,500 ಮಿಲಿಗ್ರಾಂವರೆಗೆ ಕೊಡಲಾಗುತ್ತಿತ್ತು. ಅದು ಗೊಬ್ಬರದ ಮೂಲಕ ಹೊಲದ ಮಣ್ಣು ಸೇರುತ್ತಿತ್ತು. ಜೂನ್ 2022ರಲ್ಲಿ ಅದಕ್ಕೂ ತಡೆ ಬಿತ್ತು. 2020ರಲ್ಲಿ ಚೀನಾ ಕೂಡ ಬೆಳವಣಿಗೆಗಾಗಿ ಆಹಾರದಲ್ಲಿ ಆ್ಯಂಟಿಬಯೋಟಿಕ್ ಬೆರೆಸುವುದನ್ನು ನಿಲ್ಲಿಸಿತ್ತು. ಹೀಗಾಗಿ ಸುಗಂಧ ತೈಲದ ಬೇಡಿಕೆಗೆ ಮತ್ತೆ ಜೀವ ಬಂದಿದೆ.

ಆದರೂ ಗಿಡ ಕಾರ್ಖಾನೆಯಲ್ಲ. ಅದೇ ಒರೆಗಾನೊದ ಕಾರ್ವಕ್ರಾಲ್ ಅಂಶ ತಳಿ, ಮಣ್ಣು, ಕೊಯ್ಲಿನ ಕಾಲಕ್ಕೆ ತಕ್ಕಂತೆ ಏರಿಳಿಯುತ್ತದೆ. ಡಬ್ಬದ ಮೇಲೆ ಎಣ್ಣೆಯ ಹೆಸರಷ್ಟೇ ಬರೆದು ಸತ್ವದ ಪ್ರಮಾಣ ಹೇಳದಿದ್ದರೆ ಎರಡು ಪ್ರಯೋಗಗಳನ್ನು ಹೋಲಿಸುವುದೇ ಅಸಾಧ್ಯ. ಮರಿಗಳನ್ನು ಸ್ವಲ್ಪ ತಡವಾಗಿ ಹಾಲು ಬಿಡಿಸಿ, ಕೊಟ್ಟಿಗೆಯನ್ನು ಒಣಗಿಸಿ, ಆಹಾರದ ಪ್ರೋಟೀನ್ ತಗ್ಗಿಸಿದ ಕಡೆ ಎಣ್ಣೆಯ ಮೇಲೆ ಬೀಳುವ ಹೊರೆಯೂ ಕಡಿಮೆ. ಮುಂದಿನ ಪ್ರಯೋಗಗಳು ಸತ್ವದ ಪ್ರಮಾಣದ ಜೊತೆಗೆ ಕೊಟ್ಟಿಗೆಯ ಸ್ಥಿತಿಯನ್ನೂ ದಾಖಲಿಸಬೇಕು.