ಕಡಲ ಬಿಸಿ ಮತ್ತು ಮುಂಗಾರು ಮಳೆ: ಅಧ್ಯಯನದ ಇತಿಹಾಸ

ಸಮುದ್ರದ ಮೇಲ್ಮೈ ನೀರು ಎಷ್ಟು ಕಾದಿದೆ, ಎಲ್ಲಿ ಕಾದಿದೆ ಎಂಬುದಕ್ಕೂ ನೆಲದ ಮೇಲೆ ಬೀಳುವ ಮಳೆಗೂ ಇರುವ ನಂಟಿನ ಅಧ್ಯಯನ. ಭಾರತದಲ್ಲಿ ಇದರ ಮುಖ್ಯ ನೆಲೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಒಂದು. ಫಲಕ್ಕಾಗಿ ಕಾದಿರುವವರು ಮಾತ್ರ ಕಡಲಿಂದ ನೂರಾರು ಕಿಲೋಮೀಟರ್ ದೂರದಲ್ಲಿದ್ದಾರೆ. ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ನಿಂಬರ್ಗಾದಂಥ ಊರಿನಲ್ಲಿ ತೊಗರಿ ಬಿತ್ತುವವರಿಗೆ ಅರಬ್ಬೀ ಸಮುದ್ರ ಕಣ್ಣಿಗೆ ಕಾಣದು. ಆದರೆ ಮೃಗಶಿರಾ ಮಳೆ ಹದವಾಗಿ ಬಂದೀತೇ ಎಂಬುದು ಆ ನೀರಿನ ಬಿಸಿಯನ್ನೂ ನೆಚ್ಚಿದೆ.

ಮೊದಲು ಹೆಸರಿನ ತೊಡಕು. ಕನ್ನಡ ಬರವಣಿಗೆಯಲ್ಲಿ ಮೂರು ಸಂಗತಿಗಳು ಒಂದರೊಳಗೊಂದು ಕಲಸಿಹೋಗಿವೆ. ದಶಕಗಳಿಂದ ನಿಧಾನವಾಗಿ ಏರುತ್ತಿರುವ ಕಡಲಿನ ಉಷ್ಣತೆ ಒಂದು. ಪೆಸಿಫಿಕ್ ಸಾಗರದ ನೀರು ಕೆಲವು ವರ್ಷಗಳಿಗೊಮ್ಮೆ ಕಾಯುವ ಎಲ್ ನಿನೊ ಇನ್ನೊಂದು. ಒಂದು ಕಡಲ ಭಾಗ ಕೆಲ ದಿನ ಅಥವಾ ಕೆಲ ತಿಂಗಳು ವಾಡಿಕೆ ಮೀರಿ ಕಾಯುವುದು ಮೂರನೆಯದು, ಅದೇ ಸಾಗರದ ಶಾಖದ ಅಲೆ. ಈ ಮೂರನೆಯದನ್ನು ‘ಕಡಲ ಬಿಸಿಗಾಳಿ’ ಎಂದು ಬರೆಯುವುದು ತಪ್ಪು. ಅಲ್ಲಿ ಕಾಯುವುದು ನೀರು, ಗಾಳಿಯಲ್ಲ. ಎಷ್ಟೋ ಸಲ ಬೀಸುಗಾಳಿ ತಗ್ಗಿದಾಗಲೇ ನೀರು ಹೆಚ್ಚು ಕಾಯುತ್ತದೆ.

ಆರಂಭದ ಕಥೆ ಎಲ್ಲ ಪುಸ್ತಕಗಳಲ್ಲೂ ಇದೆ. ಭಾರತೀಯ ಹವಾಮಾನ ಇಲಾಖೆ ಶುರುವಾದದ್ದು 1875ರಲ್ಲಿ. 1904ರಿಂದ 1924ರವರೆಗೆ ಅದರ ಮುಖ್ಯಸ್ಥರಾಗಿದ್ದ ಗಿಲ್ಬರ್ಟ್ ವಾಕರ್, ಮಳೆಯ ಮುನ್ಸೂಚನೆಗೆ ದಾರಿ ಹುಡುಕುತ್ತ ಪೆಸಿಫಿಕ್ ಮತ್ತು ಹಿಂದೂ ಮಹಾಸಾಗರಗಳ ನಡುವೆ ವಾಯುಒತ್ತಡ ತಕ್ಕಡಿಯಂತೆ ತೂಗಾಡುವುದನ್ನು ಗುರುತಿಸಿದರು. ಹೊಸದಾಗಿ ದಾಖಲಾದದ್ದು 1876–78ರ ಕ್ಷಾಮದ ಹಿನ್ನೆಲೆ. ಮೈಸೂರು ಸೀಮೆಯನ್ನೂ, ಬೊಂಬಾಯಿ ಪ್ರಾಂತ್ಯದ ಕನ್ನಡ ಜಿಲ್ಲೆಗಳನ್ನೂ ಹಿಂಡಿದ ಆ ಬರವನ್ನು ಬರೀ ಎಲ್ ನಿನೊ ಲೆಕ್ಕಕ್ಕೆ ಹಾಕುವುದು ರೂಢಿಯಾಗಿತ್ತು. 2018ರಲ್ಲಿ ಪ್ರಕಟವಾದ ದೀಪ್ತಿ ಸಿಂಗ್ ಮತ್ತು ಸಂಗಡಿಗರ ಅಧ್ಯಯನ, ಭಾರೀ ಎಲ್ ನಿನೊ ಜತೆಗೆ ಹಿಂದೂ ಮಹಾಸಾಗರದ ಏರುಪೇರು ಮತ್ತು ಉತ್ತರ ಅಟ್ಲಾಂಟಿಕ್‌ನ ಅಸಾಧಾರಣ ಬಿಸಿಯೂ ಕೂಡಿದ್ದವು ಎಂದು ತೋರಿಸಿತು. ದಖ್ಖನಿನಲ್ಲಿ ಮಳೆ ಕೈಕೊಟ್ಟದ್ದು 1876ರಲ್ಲೇ. ಎಲ್ ನಿನೊ ತುತ್ತತುದಿ ಮುಟ್ಟಿದ್ದು ಅದರ ಮರುವರ್ಷದ ಕೊನೆಗೆ.

ನಿಜವಾದ ತಿರುವು 1980ರ ದಶಕದ್ದು. ಸುಲೋಚನಾ ಗಾಡ್ಗೀಳ್ ಪುಣೆಯಲ್ಲಿ ಹುಟ್ಟಿದವರು. ಹಾರ್ವರ್ಡ್‌ನಲ್ಲಿ ಗಲ್ಫ್ ಸ್ಟ್ರೀಮ್ ಎಂಬ ಅಟ್ಲಾಂಟಿಕ್ ಪ್ರವಾಹದ ಮೇಲೆ ಡಾಕ್ಟರೇಟ್ ಪಡೆದು, 1973ರಲ್ಲಿ ಬೆಂಗಳೂರಿನ ಸಂಸ್ಥೆ ಸೇರಿದರು. 1980ರಲ್ಲಿ ಡಿ.ಆರ್. ಸಿಕ್ಕಾ ಅವರೊಂದಿಗೆ ಉಪಗ್ರಹ ಚಿತ್ರಗಳನ್ನು ದಿನದಿನವೂ ಜೋಡಿಸಿ ನೋಡಿ, ಮುಂಗಾರಿನ ಮೋಡದ ಪಟ್ಟಿ ಸಮಭಾಜಕದ ಬಳಿಯ ಕಡಲ ಮೇಲೆ ಹುಟ್ಟಿ ಕೆಲವು ವಾರಗಳಿಗೊಮ್ಮೆ ಉತ್ತರಕ್ಕೆ, ನೆಲದ ಕಡೆಗೆ, ಸರಿಯುತ್ತದೆ ಎಂದು ತೋರಿಸಿದರು. ಮಳೆ ಯಾಕೆ ಸುರಿದು, ನಿಂತು, ಮತ್ತೆ ಸುರಿಯುತ್ತದೆ ಎಂಬುದಕ್ಕೆ ಸಿಕ್ಕ ದೊಡ್ಡ ಸುಳಿವು ಇದು.

1984ರಲ್ಲಿ ಪಿ.ವಿ. ಜೋಸೆಫ್ ಮತ್ತು ಎನ್.ವಿ. ಜೋಶಿ ಅವರೊಡನೆ ‘ನೇಚರ್’ ಪತ್ರಿಕೆಯಲ್ಲಿ ಬರೆದ ಪ್ರಬಂಧ ಇನ್ನೂ ಹೆಚ್ಚು ಹೆಸರಾಯಿತು, ಅಷ್ಟೇ ಹೆಚ್ಚು ತಪ್ಪಾಗಿ ಉದ್ಧೃತವಾಯಿತು. ಮೇಲ್ಮೈ ನೀರು ಸುಮಾರು 28 ಡಿಗ್ರಿ ಸೆಲ್ಸಿಯಸ್ ದಾಟುವವರೆಗೆ ಹಿಂದೂ ಮಹಾಸಾಗರದ ಮೇಲೆ ದಟ್ಟ ಮೋಡ ಕಟ್ಟುವುದು ಅಪರೂಪ. ದಾಟಿದ ಮೇಲೆ ಕಟ್ಟಲೂಬಹುದು, ಕಟ್ಟದೆಯೂ ಇರಬಹುದು ಎಂಬುದು ಅದರ ಸಾರ. ‘ಕಡಲು ಕಾದಷ್ಟೂ ಮಳೆ ಹೆಚ್ಚು’ ಎಂದು ಅದು ಹೇಳಲೇ ಇಲ್ಲ. ಒಲೆ ಹೊತ್ತಿದ ಮಾತ್ರಕ್ಕೆ ರೊಟ್ಟಿ ಬೇಯದು, ಹೊತ್ತದೆ ಮಾತ್ರ ಬೇಯುವಂತಿಲ್ಲ.

ಬಂಗಾಳ ಕೊಲ್ಲಿಯ ಮೇಲೆ 1999ರಲ್ಲಿ ನಡೆದ ಬಾಬ್‌ಮೆಕ್ಸ್ ವೀಕ್ಷಣೆ, ಪಿ.ಎನ್. ವಿನಯಚಂದ್ರನ್ ಮುಂದಾಳತ್ವದಲ್ಲಿ 2016ರ ಮುಂಗಾರಿನಲ್ಲಿ ‘ಸಿಂಧು ಸಾಧನಾ’ ಹಡಗಿನಿಂದ ನಡೆದ ಬಾಬಲ್ ವೀಕ್ಷಣೆ ಇದೇ ದಾರಿಯ ಮುಂದಿನ ಹೆಜ್ಜೆಗಳು. ಇವುಗಳ ಜತೆಗೆ ಆರ್ಗೋ ಉಪಕರಣಗಳೂ ಬಂದವು. ಆಳೆತ್ತರದ ಈ ಕೊಳವೆ ತಾನಾಗಿ ಎರಡು ಸಾವಿರ ಮೀಟರ್ ಆಳಕ್ಕೆ ಇಳಿಯುತ್ತದೆ, ಮೇಲೇಳುತ್ತ ನೀರಿನ ಬಿಸಿಯನ್ನೂ ಉಪ್ಪನ್ನೂ ಅಳೆಯುತ್ತದೆ, ಹತ್ತು ದಿನಕ್ಕೊಮ್ಮೆ ತಲೆಯೆತ್ತಿ ಲೆಕ್ಕವನ್ನು ಉಪಗ್ರಹಕ್ಕೆ ಒಪ್ಪಿಸಿ ಮತ್ತೆ ಮುಳುಗುತ್ತದೆ.

1997ರಲ್ಲಿ ಬಲವಾದ ಎಲ್ ನಿನೊ ಇದ್ದರೂ ದೇಶದ ಮುಂಗಾರು ವಾಡಿಕೆಯಷ್ಟು ಬಂತು. 2002ರ ಎಲ್ ನಿನೊ ಅಷ್ಟು ಬಲವಾದದ್ದಲ್ಲ, ಆದರೂ ಜುಲೈ ತಿಂಗಳ ಮಳೆ ವಾಡಿಕೆಯ ಅರ್ಧಕ್ಕೆ ಕುಸಿದು ಬರ ಬಿತ್ತು. ಈ ಒಗಟನ್ನು ಬಿಡಿಸಲು ಹಿಂದೂ ಮಹಾಸಾಗರದ ಕಡೆ ತಿರುಗಲೇಬೇಕಾಯಿತು. ಪಶ್ಚಿಮ ಭಾಗ ಕಾದು ಪೂರ್ವ ಭಾಗ ತಣಿಯುವ ‘ದ್ವಿಧ್ರುವ’ವನ್ನು ಎನ್.ಎಚ್. ಸಾಜಿ ಮತ್ತು ಸಂಗಡಿಗರು 1999ರಲ್ಲಿ ವಿವರಿಸಿದ್ದರು. ಸುಲೋಚನಾ ಗಾಡ್ಗೀಳ್, ವಿನಯಚಂದ್ರನ್, ಪಿ.ಎ. ಫ್ರಾನ್ಸಿಸ್ ಮತ್ತು ಸಿದ್ಧಾರ್ಥ ಗಾಡ್ಗೀಳ್ 2004ರಲ್ಲಿ ಇನ್ನೊಂದು ಅಳತೆ ಮುಂದಿಟ್ಟರು: ಸಮಭಾಜಕದ ಮೇಲಿನ ಮೋಡ ಮತ್ತು ಗಾಳಿಯ ತೂಗಾಟ, ಅಂದರೆ ಈಕ್ವಿನೂ. ಮೋಡ ಪಶ್ಚಿಮದತ್ತ ಕಟ್ಟಿದರೆ ಮುಂಗಾರಿಗೆ ಅನುಕೂಲ. 1997ರಲ್ಲಿ ಅನುಕೂಲವಿತ್ತು, 2002ರಲ್ಲಿ ಪ್ರತಿಕೂಲ. ದ್ವಿಧ್ರುವವೂ ಈಕ್ವಿನೂವೂ ಒಂದೇ ಎಂದು ಬರೆಯುವುದುಂಟು. ಒಂದು ನೀರಿನ ಬಿಸಿಯ ಅಂತರ, ಇನ್ನೊಂದು ಗಾಳಿ ಮೋಡಗಳ ನಡೆ. ಎರಡೂ ಎಲ್ಲ ವರ್ಷ ಜೊತೆಯಾಗಿ ನಡೆಯುವುದಿಲ್ಲ.

‘ಶಾಖದ ಅಲೆ’ ಎಂಬ ಹೆಸರು ಚಾಲ್ತಿಗೆ ಬಂದದ್ದು 2011ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಕಡಲು ವಿಪರೀತ ಕಾದ ಬಳಿಕ. 2016ರಲ್ಲಿ ಅಲಿಸ್ಟೇರ್ ಹಾಬ್‌ಡೇ ಮತ್ತು ಸಂಗಡಿಗರು ಅಳತೆ ಗೊತ್ತುಮಾಡಿದರು: ಆ ಜಾಗದಲ್ಲಿ, ವರ್ಷದ ಆ ದಿನಗಳಲ್ಲಿ, ದಾಖಲಾದ ಉಷ್ಣತೆಗಳ ಪೈಕಿ ನೂರಕ್ಕೆ ತೊಂಬತ್ತನ್ನು ಮೀರಿದ ಬಿಸಿ ಕನಿಷ್ಠ ಐದು ದಿನ ಬಿಡದೆ ಇದ್ದರೆ ಅದು ಶಾಖದ ಅಲೆ. ಯಾವ ವರ್ಷಗಳನ್ನು ಆಧಾರವಾಗಿ ಹಿಡಿಯಬೇಕು ಎಂಬ ಜಗಳ ಮುಗಿದಿಲ್ಲ. ಹಳೆಯ ಮೂವತ್ತು ವರ್ಷಗಳನ್ನೇ ಹಿಡಿದರೆ, ಕಡಲು ಕಾಯುತ್ತಲೇ ಇರುವುದರಿಂದ, ಮುಂದೆ ಬಹುಪಾಲು ದಿನವೂ ‘ಅಲೆ’ಯಾಗುತ್ತದೆ. ಆಧಾರವನ್ನು ಜರುಗಿಸುತ್ತ ಹೋದರೆ ನಿಧಾನದ ಏರಿಕೆ ಲೆಕ್ಕದಿಂದ ಮರೆಯಾಗುತ್ತದೆ. ಮೀನು, ಹವಳಗಳ ಪಾಲಿಗೆ ಮೊದಲ ಲೆಕ್ಕವೇ ವಾಸ್ತವ.

ಭಾರತದ ಮಟ್ಟಿಗೆ ಮುಖ್ಯ ದಾಖಲೆ 2022ರದು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್, ಜೆ.ಎಸ್. ಸರಣ್ಯಾ ಮತ್ತು ಸಂಗಡಿಗರು 1982ರಿಂದ 2018ರವರೆಗೆ ಪಶ್ಚಿಮ ಹಿಂದೂ ಮಹಾಸಾಗರದಲ್ಲಿ 66, ಬಂಗಾಳ ಕೊಲ್ಲಿಯಲ್ಲಿ 94 ಅಲೆಗಳನ್ನು ಎಣಿಸಿದರು. ಪಶ್ಚಿಮದಲ್ಲಿ ಇವು ದಶಕಕ್ಕೆ ಸುಮಾರು ಒಂದೂವರೆಯಂತೆ ಹೆಚ್ಚುತ್ತಿವೆ. ಎರಡೂ ಕಡೆಯ ಅಲೆಗಳು ಮಧ್ಯ ಭಾರತದ ಮಳೆಯನ್ನು ತಗ್ಗಿಸುತ್ತವೆ, ಕೊಲ್ಲಿಯ ಉತ್ತರ ಭಾಗದವು ದಕ್ಷಿಣ ಪರ್ಯಾಯ ದ್ವೀಪದ ಮಳೆಯನ್ನು ಹೆಚ್ಚಿಸುತ್ತವೆ ಎಂದು ಅವರು ಕಂಡರು. 2020ರ ಮೇ ತಿಂಗಳ ಅಲೆಯ ನಂತರ ಮನ್ನಾರ್ ಕೊಲ್ಲಿಯ ಹವಳಗಳಲ್ಲಿ ನೂರಕ್ಕೆ 85 ಬಿಳಿಚಿಕೊಂಡವು.

ಓದುಗರು ಮುಗ್ಗರಿಸುವುದು ಇಲ್ಲೇ. ಪಶ್ಚಿಮ ಕಾದರೆ ಮುಂಗಾರಿಗೆ ಒಳ್ಳೆಯದೆಂದು ದ್ವಿಧ್ರುವದ ಲೆಕ್ಕ. ಪಶ್ಚಿಮ ಕಾದರೆ ಮಳೆ ಕಡಿಮೆಯೆಂದು ಅಲೆಯ ಲೆಕ್ಕ. ಎರಡೂ ನಿಜವಾಗಬಲ್ಲವು. ದ್ವಿಧ್ರುವ ಎಂಬುದು ಎರಡು ದಡಗಳ ನಡುವಿನ ಅಂತರ. ಪೂರ್ವವೂ ಕಾದಿದ್ದರೆ ಆ ಅಂತರವೇ ಇರದು. ಕಾಯುವ ತಿಂಗಳೂ ಲೆಕ್ಕಕ್ಕೆ ಬರುತ್ತದೆ. 2023ರಲ್ಲಿ ದ್ವಿಧ್ರುವ ಅನುಕೂಲವಾಗಿ ತಿರುಗುವ ಹೊತ್ತಿಗೆ ಆಗಸ್ಟ್ ಮುಗಿದಿತ್ತು. 1901ರ ನಂತರ ದೇಶ ಕಂಡ ಅತಿ ಒಣ ಆಗಸ್ಟ್ ಅದು. ಕರ್ನಾಟಕದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು, ಕಲಬುರಗಿ ಜಿಲ್ಲೆಯೂ ಆ ಪಟ್ಟಿಯಲ್ಲಿತ್ತು. ಅದಕ್ಕೆ ಮೂರು ವರ್ಷ ಮೊದಲು, 2020ರ ಅಕ್ಟೋಬರ್ 13ರಂದು, ಕೊಲ್ಲಿಯ ವಾಯುಭಾರ ಕುಸಿತವೊಂದು ಕಾಕಿನಾಡ ಬಳಿ ದಡ ದಾಟಿ ಪಶ್ಚಿಮಕ್ಕೆ ಸಾಗಿತ್ತು. ಆಗ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿಯ ಹೊಳೆಸಾಲಿನ ಹಳ್ಳಿಗಳು ಮುಳುಗಿದ್ದವು. ಅದೇ ಎರಿಭೂಮಿ, ಬೇರೆ ಕಡಲು.

ನಿಂಬರ್ಗಾ ಸೀಮೆಯ ಮಟ್ಟಿಗೆ ದಾಖಲೆಯ ಕೊರತೆ ಎದ್ದು ಕಾಣುತ್ತದೆ. ಈ ಭಾಗ ಸುಮಾರು 17 ಡಿಗ್ರಿ ಅಕ್ಷಾಂಶದ ಮೇಲಿದೆ: ಅಧ್ಯಯನಗಳು ‘ಮಧ್ಯ ಭಾರತ’ವೆಂದು ಗೆರೆ ಎಳೆಯುವ ಚೌಕದ ಕೆಳಗೆ, ‘ದಕ್ಷಿಣ’ದ ಮೇಲಂಚಿನಲ್ಲಿ. ಒಂದೆಡೆ ಮಳೆ ತಗ್ಗುತ್ತದೆ, ಇನ್ನೊಂದೆಡೆ ಏರುತ್ತದೆ ಎನ್ನುವಾಗ ನಡುವಿನವರಿಗೆ ಉತ್ತರ ಸಿಗುವುದಿಲ್ಲ. ಬೆಳಗಾವಿಯಿಂದ ಬೀದರ್‌ವರೆಗೆ ಎಲ್ಲವನ್ನೂ ‘ಉತ್ತರ ಒಳನಾಡು’ ಎಂದು ಒಟ್ಟು ಮಾಡಿದ ಸರಾಸರಿಯಿಂದಲೂ ಅದು ಹೊರಡದು. ಪಾವಗಡದಲ್ಲಿ ಗಾಡ್ಗೀಳ್ ಅವರು ರೈತ-ವಿಜ್ಞಾನಿ ಪಿ.ಆರ್. ಶೇಷಗಿರಿ ರಾವ್ ಅವರೊಂದಿಗೆ ದಶಕಗಳ ಮಳೆ ಲೆಕ್ಕ ಹಿಡಿದು ಶೇಂಗಾ ಬಿತ್ತನೆಗೆ ತಕ್ಕ ಕಾಲ ಯಾವುದೆಂದು ಹುಡುಕಿದ ಮಾದರಿ ಕಣ್ಣಮುಂದಿದೆ. 1988ರಲ್ಲಿ ಬರ ನಿರ್ವಹಣಾ ಕೋಶವಾಗಿ ಶುರುವಾದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಇಂದು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಆ ಅಂಕಿಗಳನ್ನು ಕಡಲಿನ ಅಂಕಿಗಳ ಪಕ್ಕದಲ್ಲಿಟ್ಟು ತೊಗರಿಗೂ ಹಿಂಗಾರಿ ಜೋಳಕ್ಕೂ ಅದೇ ಲೆಕ್ಕ ಹಾಕುವ ಕೆಲಸವನ್ನು ಕಲಬುರಗಿ, ರಾಯಚೂರಿನ ಸಂಶೋಧಕರು ಕೈಗೆತ್ತಿಕೊಳ್ಳಬೇಕು. ಆ ಮಾದರಿ ಹಾಕಿಕೊಟ್ಟ ಸುಲೋಚನಾ ಗಾಡ್ಗೀಳ್ 2025ರ ಜುಲೈ 24ರಂದು, ಮುಂಗಾರಿನ ನಡುವೆ, ಬೆಂಗಳೂರಿನಲ್ಲಿ ನಿಧನರಾದರು.